ಚಹಾ ಕುಡಿದ ಬಂದೂಕು

ಬಂದೂಕಿನ ಬೋಲ್ಟು ಕದಲುತ್ತಿಲ್ಲ ಎಂಬುದು ನಶ್ವಾನನಿಗೆ ತಿಳಿದದ್ದು ಕೆಳಗಿನ ಊರಿನ ದಾರಿಯನ್ನು ಅರ್ಧ ಇಳಿದ ಮೇಲೆ. ಚಿಕ್ಕಪ್ಪ ಹಜ್ಜಾ ಮುಂದೆ, ಬಂದೂಕು ಹೊತ್ತ ಇವನು ಹಿಂದೆ. ಚಿಕ್ಕಪ್ಪ ತಿರುವಿನಲ್ಲಿ ಮರೆಯಾದಾಗ ಸುಮ್ಮನೆ ಒಮ್ಮೆ, ತೋಟಾ ಕೂರುವ ಗೂಡನ್ನು ತೆರೆಯುವ ಆ ಬೋಲ್ಟಿನ ಹಿಡಿ ಎಳೆದು ನೋಡಿದ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದ. ಗೋಡೆಯೊಳಗೆ ಇಟ್ಟು ಗಾರೆ ಮೆತ್ತಿದ ಹಾಗೆ ಕೂತಿತ್ತು. ಹಿಡಿಯ ಸಂದಿನಿಂದ ಒಂದು ಇರುವೆ ಹೊರಗೆ ಬಂತು, ಇವನ ಮುಖ ನೋಡಿ ಪ್ರಯೋಜನವಿಲ್ಲವೆನಿಸಿತೋ ಏನೋ, ಮತ್ತೆ ಒಳಗೆ ಹೋಯಿತು.

ನಶ್ವಾನ್ ಮೇಲಿನ ಊರಿನವನು, ಅಮ್ರಾನ್ ಎಂಬ ಪೇಟೆಯ ರೊಟ್ಟಿ ಭಟ್ಟಿಯಲ್ಲಿ ದಿನಗೂಲಿ. ಹಿಟ್ಟು ನಾದಿ, ತಟ್ಟಿ, ಉರಿಯುವ ಒಲೆಯ ಒಳಗೋಡೆಗೆ ಬಡಿಯುವುದು ಅವನ ಕೆಲಸ. ಮುಂಗೈ ಮೇಲೆ ಕೂದಲೇ ಇಲ್ಲ, ಒಲೆಯ ಬಾಯಿ ಎಂದೋ ತಿಂದುಹಾಕಿದೆ. ಮೇಲಿನ ಊರಿನಲ್ಲಿ ಮೀಸೆ ಬಂದ ಗಂಡಸರಿಗೆಲ್ಲ ಸ್ವಂತ ಬಂದೂಕಿತ್ತು. ನಶ್ವಾನನಿಗೆ ಮೀಸೆ ಮಾತ್ರ ಇತ್ತು, ಅದೂ ದಟ್ಟವಾಗಿಯೇನಲ್ಲ.

ಒಂದು ಮುಂಜಾನೆ ಅರೆನಿದ್ದೆಯಲ್ಲಿ ಮೋಟಾರು ಸೈಕಲ್ ಓಡಿಸಿಕೊಂಡು ಭಟ್ಟಿಗೆ ಹೊರಟವನು ಕೆಳಗಿನ ಊರಿನ ಸಿನಾನನಿಗೆ ಗುದ್ದಿ ಅವನ ಕಾಲು ಮುರಿದಿದ್ದ. ಪೇಟೆಗಿರುವುದು ಅದೊಂದೇ ದಾರಿ, ಕೆಳಗಿನ ಊರಿನ ನಡುವೆ ಹೋಗುವಂಥದು. ಸಿನಾನನ ಅಣ್ಣ ಮುಕ್ಬಿಲ್ ಅಂದೇ ಹೇಳಿ ಕಳಿಸಿದ್ದ: "ಆ ರೊಟ್ಟಿಯವ್ನು ನಮ್ಮ ದಾರಿಗೆ ಬಂದ್ರೆ ನಡ್ಕೊಂಡು ವಾಪಸ್ ಹೋಗಲ್ಲ. ನಾಲ್ಕು ಜನ ಹೊತ್ಕೊಂಡು ಹೋಗ್ಬೇಕಾಗುತ್ತೆ." ಭಟ್ಟಿಯ ಧಣಿಯೂ ಹೇಳಿ ಕಳಿಸಿದ್ದ, ಇನ್ನೂ ಬರದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುವೆನೆಂದು.

ಈಗ ಎರಡೂ ಊರಿಗೆ ನ್ಯಾಯ ಹೇಳುವ ಶೇಖ್ ನಾಜಿ ನಡುವೆ ಬಂದಿದ್ದರು. ಇಂದು ಮಧ್ಯಾಹ್ನ ಅವರ ಹಜಾರದಲ್ಲಿ ಮೇಲಿನ ಊರಿನವರು ಒಂದು ಬಂದೂಕನ್ನು ಒತ್ತೆಯಾಗಿ ಇಡಬೇಕು. ನೀವು ಕೊಟ್ಟ ತೀರ್ಪಿಗೆ ತಲೆಬಾಗುತ್ತೇವೆ ಎಂದು ಅದರ ಅರ್ಥ. ಎದುರಿನವರು ಅದರ ಬೋಲ್ಟು ತೆರೆದು, ಖಾಲಿ ಎಂದು ನೋಡಿ, ಎತ್ತಿಕೊಂಡರೆ ದಾರಿ ತೆರೆದಂತೆ. ಬಿಟ್ಟು ಎದ್ದರೆ ನಶ್ವಾನನಿಗಷ್ಟೇ ಅಲ್ಲ, ಮೇಲಿನ ಊರಿನ ಯಾರಿಗೂ ಆ ದಾರಿಯಿಲ್ಲ. ನೆಲಕ್ಕಿಟ್ಟ ಒತ್ತೆಯನ್ನು ಕೊಟ್ಟವರ ಕೈ ಮತ್ತೆ ಮುಟ್ಟುವಂತೆಯೂ ಇಲ್ಲ.

ತಪ್ಪು ನಡೆದದ್ದು ವಾರದ ಹಿಂದೆ, ಸೋದರಸಂಬಂಧಿಯ ಮದುವೆಯಲ್ಲಿ. ಎದುರು ಗುಡ್ಡದಲ್ಲಿ ಬಿಳಿ ಕಲ್ಲಿಟ್ಟು ಗುರಿ ಹೊಡೆಯುವ ಆಟ. ನಶ್ವಾನ್ ಚಿಕ್ಕಪ್ಪನ ಬಂದೂಕು ಬೇಡಿ ತಂದಿದ್ದ. ತೋಟಾ ಮಾತ್ರ ತಾನೇ ಕೊಂಡದ್ದು: ಸಂತೆಯಲ್ಲಿ ಎಲ್ಲಕ್ಕಿಂತ ಅಗ್ಗದ, ಹಸಿರು ಬಳಿದ ಕಬ್ಬಿಣದ ಸಿಪ್ಪೆಯವು. ಹಿತ್ತಾಳೆಯದಾದರೆ ಖಾಲಿ ಸಿಪ್ಪೆಯನ್ನಾದರೂ ಗುಜರಿಯವನು ಕೊಳ್ಳುತ್ತಾನೆ. ಇದನ್ನು ಅಂಗಳಕ್ಕೆ ಚೆಲ್ಲಿದರೆ ಕೋಳಿಯೂ ಕುಕ್ಕುವುದಿಲ್ಲ. ಇದರ ಮದ್ದಿನಲ್ಲಿ ಉಪ್ಪಿನಂಥದೇನೋ ಇದೆ. ಹೊಡೆದ ದಿನವೇ ಬಂದೂಕು ಬಿಚ್ಚಿ, ಕುದಿಯುವ ನೀರು ಹೊಯ್ದು, ಒರೆಸಿ, ಎಣ್ಣೆ ಹಚ್ಚಬೇಕು. ಇಲ್ಲವಾದರೆ ತುಕ್ಕು ಒಳಗೊಳಗೇ ಸಂಸಾರ ಹೂಡುತ್ತದೆ.

ಹೊಡೆದ ಏಟೆಲ್ಲ ಗುಡ್ಡಕ್ಕೆ ಬಿದ್ದಿತ್ತು. ಗುಡ್ಡ ದೊಡ್ಡದಾದ್ದರಿಂದ ಅದಾದರೂ ತಪ್ಪಲಿಲ್ಲ ಎಂದು ಹುಡುಗರು ನಕ್ಕಾಗ ಮುಖ ಕೆಂಪಾಗಿ, ಬಂದೂಕಿನ ಕೆಳಗೆ ಸಿಕ್ಕಿಸಿದ್ದ ತೋಟಾ ಪೆಟ್ಟಿಗೆ ಕಿತ್ತುಕೊಂಡು ಹಿಂದೆ ಸರಿದಿದ್ದ. ಅವರೆದುರು ಬಂದೂಕು ಬಿಚ್ಚಿ ಹರವಿದರೆ ಮತ್ತೆ ಜೋಡಿಸಲು ಬರದೆ ಇನ್ನೊಂದು ನಗೆಪಾಟಲು. ಮದುವೆಮನೆಯ ಒಲೆಯ ಮೇಲಿದ್ದ ಕೆಟಲನ್ನು ಎತ್ತಿ, ಮುಚ್ಚಿದ ಬಂದೂಕಿನ ನಳಿಗೆಯ ಬಾಯಿಗೇ ಹೊಯ್ದ. ಕೆಂಪಗೆ ಇಳಿಯಿತು. ಸಕ್ಕರೆ ಹಾಕಿ ಕುದಿಸಿಟ್ಟ ಚಹಾ. ಬಿಸಿ ಎಂದರೆ ಬಿಸಿ ತಾನೆ ಎಂದುಕೊಂಡು, ಹೊರಗಡೆ ಮಾತ್ರ ಮಿರಮಿರ ಮಿಂಚುವ ಹಾಗೆ ಎಣ್ಣೆ ಸವರಿ, ಚಿಕ್ಕಪ್ಪನ ಗೋಡೆಗೆ ತೂಗುಹಾಕಿ ಬಂದಿದ್ದ. ಈಗ ದಾರಿಯಲ್ಲೂ ಅದನ್ನು ಚಿಕ್ಕಪ್ಪನಿಗೆ ಹೇಳುವ ಧೈರ್ಯವಾಗದೆ ಬಂದೂಕು ಹೊತ್ತು ಹಿಂದೆಯೇ ನಡೆದ.

ಹಜಾರದಲ್ಲಿ ಗೋಡೆಗೊರಗಿ ಎರಡೂ ಊರಿನವರು ಕೂತಿದ್ದರು. ಎಲ್ಲರ ಕೆನ್ನೆಯಲ್ಲೂ ಅಗಿದು ಅಮಲೇರಿಸಿಕೊಳ್ಳುವ ಖಾತ್ ಎಲೆಯ ಉಂಡೆ, ಎಲ್ಲರ ಮಗ್ಗುಲಲ್ಲೂ ಬಂದೂಕು. ಮೂಲೆಯಲ್ಲಿ ಸಿನಾನ್, ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು. ಹಜ್ಜಾ ಬಂದೂಕನ್ನು ಶೇಖರ ಮುಂದಿಟ್ಟು ಹಿಂದೆ ಸರಿದ. ಮುಕ್ಬಿಲ್ ಅದನ್ನೆತ್ತಿ, ಗುಂಡು ಹಾರದಂತೆ ಹಿಡಿದಿಡುವ ತಡೆಯನ್ನು ಕೆಳಗಿಳಿಸಿ, ಹಿಡಿ ಎಳೆದ. ಮತ್ತೆ ಎಳೆದ.

"ಏನ್ ಹಜ್ಜಾ ಇದು, ಬಂದೂಕೋ ಬೀಗವೋ?"

"ಕೈಲಿ ಬಲ ಇಲ್ಲ ಅನ್ನು" ಎಂದ ಹಜ್ಜಾ.

"ಬಲ ಆಮೇಲೆ ತೋರಿಸ್ತೀನಿ. ಒಳಗಿಂದ ಇರುವೆ ಬರ್ತಿದೆ ನೋಡು. ನಮಗೆ ಒತ್ತೆ ಇಟ್ಟಿರೋದು ಬಂದೂಕಾ, ಖರ್ಜೂರದ ಡಬ್ಬಿನಾ?"

ಯಾರೂ ನಗಲಿಲ್ಲ. ಶೇಖ್ ನಾಜಿ ಬಾಯಿಯ ಎಲೆಯನ್ನು ಪಕ್ಕಕ್ಕೆ ಸರಿಸಿದರು. "ಹಜ್ಜಾ, ಒಳಗೆ ತೋಟಾ ಇದೆಯೋ ಇಲ್ವೋ?"

ಹಜ್ಜಾ ಹಿಂದಕ್ಕೆ ತಿರುಗಿ ಅಣ್ಣನ ಮಗನನ್ನು ನೋಡಿದ. ನಶ್ವಾನ್ ಎಲ್ಲವನ್ನೂ ಹೇಳಿದ: ಅಗ್ಗದ ತೋಟಾ, ಗುಡ್ಡ, ಕೆಟಲು. ಹೇಳುತ್ತ ಹೇಳುತ್ತ ಚಿಕ್ಕಪ್ಪನ ತಲೆ ತಗ್ಗುತ್ತಿರುವುದು ಕಂಡಿತು.

"ತೋಟಾ ಮಾತ್ರ ಇಲ್ಲ, ಯಜಮಾನ್ರೇ. ಖಾಲಿ ಇದೆ."

"ಅವತ್ತು ರಸ್ತೆನೂ ಖಾಲಿ ಇದೆ ಅಂತ್ಲೇ ಬಂದೆ ನೀನು" ಎಂದ ಮುಕ್ಬಿಲ್.

"ತೋಟಾ ಇದ್ದಿದ್ರೆ ನಳಿಗೆ ಮುಚ್ಚಿರೋದು ಕಣಣ್ಣ. ಹೊಯ್ದ ಚಹಾ ಕೆಳಗೆ ಇಳೀತಾನೇ ಇರ್ಲಿಲ್ಲ. ಪೂರ್ತಿ ಇಳಿದು ನನ್ನ ಕಾಲ ಮೇಲೇ ಸುರೀತು. ಬೊಬ್ಬೆ ಇನ್ನೂ ಇದೆ, ನೋಡು." ಅಷ್ಟೂ ಜನರ ಮುಂದೆ ಪಾದ ಎತ್ತಿ ತೋರಿಸಿದ.

"ಅಷ್ಟು ನಂಬಿಕೆ ಇದ್ರೆ ಬಾ. ಇದರ ಎದುರು ಕೂತ್ಕೊ. ನಾನು ತೆಗೀತೀನಿ."

ನಶ್ವಾನ್ ಎದ್ದ. ಧೈರ್ಯದಿಂದಲ್ಲ, ಲೆಕ್ಕ ಸರಿಯಿದೆ ಎಂಬ ಭರವಸೆಯಿಂದ. ಹೋಗಿ ನಳಿಗೆಯ ಎದುರು ಮಂಡಿಯೂರಿದ. ಆ ಪುಟ್ಟ ಕಪ್ಪು ಬಾಯಿ ಎದೆಗೆ ನೆಟ್ಟದ್ದೇ ತಡ, ಲೆಕ್ಕವನ್ನು ಮೊದಲಿಂದ ಮತ್ತೆ ಹಾಕತೊಡಗಿದ. ಆದರೂ ಏಳಲಿಲ್ಲ. ಎದ್ದರೆ ದಾರಿ ಮುಚ್ಚಿತು. ಮುಕ್ಬಿಲ್ ಹಿಡಿಯ ಮೇಲೆ ಕೈಯಿಟ್ಟ.

"ಸಾಕು" ಎಂದರು ಶೇಖ್ ನಾಜಿ. "ನನ್ನ ಮನೇಲಿ ಯಾರ ಎದೆನೂ ಬಂದೂಕಿಗೆ ಎದುರಾಗಕೂಡದು. ನಳಿಗೆ ಕಿಟಕಿ ಆಚೆ ಗುಡ್ಡಕ್ಕೆ ತಿರುಗ್ಸು. ಒಳಗಿಂದ ಕುದಿಯೋ ನೀರು ತರಿಸಿ. ಬರೀ ನೀರು. ಹುಡುಗ ಹೊಯ್ಲಿ, ನೀನು ಎಳಿ. ಹೊಯ್ದ್ರೆ ಮುಟ್ಟಿದ ಹಾಗಲ್ಲ."

ಮುಕ್ಬಿಲ್ ಬಂದೂಕನ್ನು ಕಿಟಕಿಯ ದಂಡೆಯ ಮೇಲೆ ಒರಗಿಸಿ, ಗುಂಡು ಹಾರಿಸುವ ಕುದುರೆಯಿಂದ ಬೆರಳನ್ನು ದೂರವಿಟ್ಟು ಹಿಡಿದ. ನಶ್ವಾನ್ ಕೆಟಲು ಬಗ್ಗಿಸಿದ. ಬೋಲ್ಟಿನ ಸಂದಿಗೆ ನೀರು ಇಳಿದು ಕಂದು ಬಣ್ಣವಾಗಿ ಹೊರಬಂತು, ಜೊತೆಗೆ ಸತ್ತ ಇರುವೆಗಳು.

"ನೋಡ್ಕೊಂಡು ಹೊಯ್ಯಿ. ನನ್ನ ಬೆರಳು ಬೇಯಿಸ್ತಿದ್ದೀಯ."

"ನಿನ್ನ ಬೆರಳು ದೂರ ಇಟ್ಕೊ ಅಣ್ಣ."

"ದೂರ ಇಟ್ಕೊಂಡು ಎಳೆಯೋದು ಹೆಂಗೆ, ಹಲ್ಲಲ್ಲಾ?"

ಇನ್ನೊಂದು ಸಲ ಹೊಯ್ದ. ಮುಕ್ಬಿಲ್ ಅಂಗೈಯ ಬುಡದಿಂದ ಹಿಡಿಗೆ ಗುದ್ದಿದ. ಮೂಳೆ ಮುರಿದಂಥ ಸದ್ದಾಗಿ ಬೋಲ್ಟು ಹಿಂದಕ್ಕೆ ಜಾರಿತು. ಪಕ್ಕದಿಂದ ಏನೋ ಚಿಮ್ಮಿ ಜಮಖಾನದ ಮೇಲೆ ಬಿದ್ದು ಉರುಳಿತು, ಸಿನಾನನ ಪಟ್ಟಿ ಕಟ್ಟಿದ ಕಾಲಿಗೆ ತಾಗಿ ನಿಂತಿತು. ಹಸಿರು ತೋಟಾ. ತುದಿಯ ಗುಂಡು ಹಾಗೇ ಇತ್ತು.

ಗೋಡೆಯ ಉದ್ದಕ್ಕೂ ಒರಗಿದ್ದವರ ಬೆನ್ನು ನೆಟ್ಟಗಾಯಿತು. ಮದ್ದು ತುಂಬಿದ ಬಂದೂಕನ್ನು ಒತ್ತೆಯೆಂದು ಇಟ್ಟವರ ಜೊತೆ ಮುಂದೆ ಮಾತಿಲ್ಲ, ಎಲ್ಲರಿಗೂ ಗೊತ್ತು. ಮುಕ್ಬಿಲನ ಕೈ ಸೊಂಟದ ಬಾಕುವಿನ ಹಿಡಿಗೆ ಹೋಗಿತ್ತು. ಹಜ್ಜಾ ಕಣ್ಣು ಮುಚ್ಚಿಕೊಂಡ.

ನಶ್ವಾನ್ ಕೆಟಲು ಹಿಡಿದು ನಿಂತೇ ಇದ್ದ.

"ಅಣ್ಣಾ" ಎಂದ ಸಿನಾನ್. ಅವನು ಇಡೀ ಮಧ್ಯಾಹ್ನ ಬಾಯಿ ಬಿಟ್ಟದ್ದು ಆಗಲೇ. "ಅವ್ನು ಇದರ ಮುಂದೆ ಕೂತಿದ್ದ."

"ಕೂತಿದ್ರೆ?"

"ಮೋಸ ಮಾಡೋನು ತನ್ನ ಎದೇನೇ ಅಡ್ಡ ಇಡ್ತಾನಾ? ಇವ್ನು ಕತ್ತೆ. ನನ್ನ ಕಾಲು ಮುರಿದ ದಿನಾನೂ ಕತ್ತೆನೇ. ಮೋಸಗಾರ ಅಲ್ಲ."

ಮುಕ್ಬಿಲ್ ಬಂದೂಕನ್ನು ಮಗುಚಿ ನೋಡಿದ. "ನಳಿಗೆ ಮೇಲೊಂದು ತೂತು ಇರುತ್ತೆ ಕಣೋ, ಹೊಗೆ ಮೇಲಿನ ಕೊಳವೆಗೆ ಹೋಗೋಕೆ. ನಿನ್ನ ಚಹಾ ಆ ದಾರೀಲಿ ಸುತ್ಕೊಂಡು ಇಳಿದಿದೆ. ಪೆಟ್ಟಿಗೆ ಕಿತ್ರೂ ಒಂದು ತೋಟಾ ನಳಿಗೆ ಬುಡದಲ್ಲೇ ಉಳ್ಕೊಂಡಿತ್ತು." ಕೈ ಬಾಕುವಿನಿಂದ ಕೆಳಗೆ ಬಂತು.

ಆಗ ನಶ್ವಾನ್ ಕೆಟಲನ್ನು ಕೆಳಗಿಟ್ಟು ಅಲ್ಲೇ ಕೂತ.

"ಒತ್ತೆ ಎತ್ಕೊತೀಯಾ?" ಶೇಖ್ ನಾಜಿ ಕೇಳಿದರು.

"ಎತ್ಕೊಂಡಿದ್ದೀನಲ್ಲ, ಕೈಲೇ ಇದೆ. ಆದ್ರೆ ಈ ತುಕ್ಕಿನ ಹೊಣೆ ನಂದಲ್ಲ."

"ಅಲ್ಲ. ತುಕ್ಕು ಇವನದು. ತೀರ್ಪು ಆಗೋವರೆಗೂ ಬಂದೂಕು ನಿನ್ನ ಮನೇಲಿರ್ಲಿ. ಇವ್ನು ದಿನಾ ಪೇಟೆಗೆ ಹೋಗ್ತಾ ನಿನ್ನ ಮನೆ ಹೊಕ್ಕು, ಇದನ್ನ ತೊಳೆದು ಎಣ್ಣೆ ಹಚ್ಚಿ ಹೋಗ್ಲಿ. ಮುಟ್ಟೋಕೆ ನಾನು ಬಿಟ್ಟಿದ್ದೀನಿ."

ಮರುದಿನ ಬೆಳಗ್ಗೆ ನಶ್ವಾನ್ ಕೆಳಗಿನ ಊರಿನ ದಾರಿಯಲ್ಲಿ ನಡೆದೇ ಹೋದ. ಬಾಗಿಲುಗಳಲ್ಲಿ ನಿಂತವರು ನೋಡಿದರು, ಯಾರೂ ತಡೆಯಲಿಲ್ಲ. ಮುಕ್ಬಿಲನ ಅಂಗಳದಲ್ಲಿ ಗೋಣಿಚೀಲದ ಮೇಲೆ ಬಂದೂಕು ಬಿಚ್ಚಿಟ್ಟಿತ್ತು, ಪಕ್ಕದಲ್ಲಿ ಹಬೆಯಾಡುವ ನೀರು. ಸರಳಿಗೆ ಬಟ್ಟೆ ಸುತ್ತಿ ನಳಿಗೆಯಲ್ಲಿ ತೂರಿಸಿದ. ಬಟ್ಟೆ ಕಂದಾಗಿ ಹೊರಬಂತು. ಇನ್ನೊಂದು ಬಟ್ಟೆ, ಅದೂ ಕಂದು.

"ತಡವಾಗುತ್ತೆ ಅಂತ ನಿನ್ನ ಧಣಿಗೆ ಹೇಳಿದ್ದೀಯಾ?" ಮುಕ್ಬಿಲ್ ಮೆಟ್ಟಿಲ ಮೇಲಿಂದ ಕೇಳಿದ.

"ಇಲ್ಲ."

"ಹೇಳು. ಇದು ಇವತ್ತಿಗೆ ಮುಗಿಯೋ ಕೆಲಸ ಅಲ್ಲ."