ಭಾನುವಾರದ ಬಸ್ಸು

ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಈ ಹೆಂಗಸು ಬೆಳೆದದ್ದು ಮಕ್ಕಳ ನಿಲಯದಲ್ಲಿ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತಮ್ಮನ ಕೈ ಹಿಡಿದು ಆ ಬಾಗಿಲು ದಾಟಿದ್ದಳು. ತಮ್ಮ ಬಾಯಿಬಡುಕ, ಇವಳು ಕೇಳಿದ್ದಕ್ಕೂ ಉತ್ತರ ಕೊಡದ ಮೂಗಿ.

ಹತ್ತು ವರ್ಷ ದಾಟಿದ ಹುಡುಗರನ್ನು ಊರಾಚೆಯ ಇನ್ನೊಂದು ನಿಲಯಕ್ಕೆ ಕಳಿಸುವುದು ಅಲ್ಲಿನ ಪದ್ಧತಿ. ತಮ್ಮನ ಸರದಿ ಬಂದಾಗ ಅವಳು ತಟ್ಟೆಯ ಅನ್ನ ಮುಟ್ಟಲಿಲ್ಲ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ಎಲ್ಲರೂ ‘ಅತ್ತೆ’ ಎನ್ನುತ್ತಿದ್ದ ಹೆಂಗಸು ಅದನ್ನು ಗಮನಿಸಿದಳು.

“ನಿಮ್ಮ ವಿಷಯ ತೀರ್ಮಾನ ಆಗೋವಾಗ ನಿಮ್ಮನ್ನ ಕೇಳ್ಬೇಕು. ಅದು ನಿಮ್ಮ ಹಕ್ಕು. ನಡೀರಿ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೇಳೋಣ.”

“ನೀವೇ ಹೇಳಿ ಅತ್ತೆ.”

“ನಾನು ಪಕ್ಕದಲ್ಲಿ ಕೂತಿರ್ತೀನಿ. ಮಾತು ನಿಂದು.”

ಸಮಿತಿಯ ಕೋಣೆಯಲ್ಲಿ ಅವಳು ನೆಲ ನೋಡುತ್ತಾ ಕೂತಳು. ಅತ್ತೆ ನೀರಿನ ಲೋಟ ಮುಂದಿಟ್ಟು ಕಾದಳು. ತಡೆಯಲಾರದೆ ತಮ್ಮನೇ ಶುರುಮಾಡಿದ: “ಅಕ್ಕ ಮಾತಾಡೋದೇ ನನ್ನ ಹತ್ರ ಮಾತ್ರ. ನಾನು ಹೋದ್ರೆ ಇವಳಿಗೆ ಮಾತೇ ಮರೆತುಹೋಗುತ್ತೆ!”

ಎಲ್ಲರೂ ನಕ್ಕರು. ಅವಳಿಗೆ ರೇಗಿತು. “ಮರೆಯಲ್ಲ!” ಎಂದು ಬಾಯಿಬಿಟ್ಟವಳು ನಿಲ್ಲಿಸಲೇ ಇಲ್ಲ. “ಇವನು ಜ್ವರ ಬಂದ್ರೆ ಯಾರಿಗೂ ಹೇಳಲ್ಲ ಸಾರ್. ಅಲ್ಲಿ ಯಾರು ಹಣೆ ಮುಟ್ಟಿ ನೋಡ್ತಾರೆ?”

ಅಧ್ಯಕ್ಷರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಅಕ್ಕತಮ್ಮ ಇಬ್ಬರನ್ನೂ ಒಟ್ಟಿಗೆ ಇರಿಸುವಂಥ ನಿಲಯ ಎಲ್ಲೂ ಇರಲಿಲ್ಲ, ತಮ್ಮ ಹೋಗಲೇಬೇಕಾಯಿತು. ಆದರೆ ಪ್ರತಿ ಭಾನುವಾರ ಇಡೀ ದಿನ ಭೇಟಿ, ಸಂಜೆಗೊಂದು ಫೋನು ಎಂದು ಆದೇಶವಾಯಿತು.

ಆದೇಶವೇನೋ ಆಯಿತು, ಕರೆದೊಯ್ಯುವವರು ಯಾರು? ಭಾನುವಾರ ಅತ್ತೆಗೆ ರಜೆ. ಆ ರಜೆಯನ್ನೇ ಬಿಟ್ಟು ಅವಳು ಪ್ರತಿ ವಾರ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು. ಒಂದು ವಾರ ಕಾಲು ಉಳುಕಿದ್ದರೂ ಕುಂಟುತ್ತಲೇ ಬಂದಳು. ಅಕ್ಕತಮ್ಮ ತಮ್ಮನ ನಿಲಯದ ಅಂಗಳದಲ್ಲಿ ಹರಟುತ್ತಿದ್ದರೆ ಅತ್ತೆ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು. ಅವಳ ಗೊರಕೆಯನ್ನು ಅಣಕಿಸಿ ತಮ್ಮ ಅಕ್ಕನನ್ನು ನಗಿಸುತ್ತಿದ್ದ. ಇಬ್ಬರೂ ದೊಡ್ಡವರಾಗಿ ನಿಲಯದಿಂದ ಹೊರಬರುವ ತನಕ ಭಾನುವಾರದ ಆ ಬಸ್ಸು ತಪ್ಪಲಿಲ್ಲ.

ಈಗ ತಮ್ಮ ಲಾರಿ ಓಡಿಸುತ್ತಾನೆ, ಅಕ್ಕನ ಮನೆಯ ಮಹಡಿಯಲ್ಲೇ ಇದ್ದಾನೆ. ಮೊನ್ನೆ ಇಬ್ಬರೂ ನಿವೃತ್ತಳಾದ ಅತ್ತೆಯನ್ನು ನೋಡಲು ಹೋದರು. ಹೊಲಿಗೆಯವಳು ಕಾಲು ಮುಟ್ಟಲು ಬಗ್ಗಿದರೆ ಅತ್ತೆ ಕಾಲು ಹಿಂದಕ್ಕೆಳೆದುಕೊಂಡಳು.

“ಏಳೇ. ಹಕ್ಕು ಸಿಕ್ಕಿದ್ದಕ್ಕೆ ಯಾರಾದ್ರೂ ಕಾಲಿಗೆ ಬೀಳ್ತಾರಾ?”

“ಹಕ್ಕು ನಮ್ದೇ ಅತ್ತೆ. ಬಸ್ಸು ಹತ್ತಿಸಿದ್ದು ನೀವು.”

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.