ಒಂದೇ ಬಾಗಿಲು, ಎರಡು ಒಲೆ

ಶರಣಮ್ಮಾ, ಅಂದು ನಿಮ್ಮ ಮಾತನ್ನು ನಾನು ಸಾಹೇಬರಿಗೆ ತಿರುಚಿ ಹೇಳಿದೆ. ಅರ್ಥವಾಗದೆ ಅಲ್ಲ — ಚೆನ್ನಾಗಿ ಅರ್ಥವಾಗಿಯೇ ಬೇರೆ ಹೇಳಿದೆ. ಅಲ್ಲಿದ್ದವರಲ್ಲಿ ಕನ್ನಡವೂ ಮರಾಠಿಯೂ ಬಲ್ಲವಳು ನಾನೊಬ್ಬಳೇ. ಹಿಡಿಯುವವರು ಯಾರೂ ಇರಲಿಲ್ಲ.

ನಾನು ಯಾರೆಂಬುದು ನಿಮಗೆ ಸರಿಯಾಗಿ ಗೊತ್ತಿಲ್ಲ. ತುಮಕೂರಿನವಳು, ಕಂಪ್ಯೂಟರ್ ಕೆಲಸಕ್ಕೆಂದು ಪುಣೆಗೆ ಬಂದವಳು. ಪಡಿತರ, ಶಾಲೆ, ಆಸ್ಪತ್ರೆ, ನೀರಿನ ತೆರಿಗೆ — ಈ ಕಚೇರಿಗಳು ಒಂದೇ ಮನೆಯ ಮಾಹಿತಿಯನ್ನು ತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದವು. ಎಲ್ಲರೂ ಒಂದೇ ರೀತಿ ಬರೆಯಬೇಕು, ಒಬ್ಬರು ಬರೆದದ್ದು ಉಳಿದವರಿಗೂ ಕಾಣಬೇಕು. ಅದನ್ನು ಜಾರಿಗೆ ತರುವ ಯೋಜನೆ ನನ್ನ ಪಾಲಿಗೆ ಬಂತು.

ಕುಟುಂಬ ಎಂದರೇನು ಎಂಬಲ್ಲೇ ಜಗಳ ಶುರು. ಪಡಿತರದವರಿಗೆ ಒಟ್ಟಿಗೆ ಉಣ್ಣುವವರು ಕುಟುಂಬ, ತೆರಿಗೆಯವರಿಗೆ ಒಂದು ಬಾಗಿಲ ಹಿಂದೆ ಇರುವವರು ಕುಟುಂಬ. ಒಬ್ಬರ ಮುಖ ಒಬ್ಬರು ನೋಡದ ಅಧಿಕಾರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಕಾಡಿ ಬೇಡಿ, ‘ಒಂದು ಬಾಗಿಲು, ಒಂದು ಕುಟುಂಬ, ಒಂದು ಸಂಖ್ಯೆ’ ಎಂದು ಒಪ್ಪಿಸಿದವಳು ನಾನು. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ಹೆಮ್ಮೆ ಇಂದಿಗೂ ಇದೆ — ಇಲ್ಲವೆಂದರೆ ಇನ್ನೊಂದು ಸುಳ್ಳು ಹೇಳಿದಂತಾಗುತ್ತದೆ. ಒಂದು ಕಾಗದಕ್ಕಾಗಿ ನಾಲ್ಕು ಕಚೇರಿ ಅಲೆಯುತ್ತಿದ್ದ ಎಷ್ಟೋ ಜನ ಇಂದು ಅಲೆಯುತ್ತಿಲ್ಲ. ಅದು ನನ್ನ ಕೆಲಸ.

ಆದರೆ ಪಡಿತರದ ಸಾಹೇಬರು ಒಂದು ಷರತ್ತು ಹಾಕಿದ್ದರು. ಯಾವುದಾದರೂ ಕೂಲಿಯವರ ವಸತಿಗೆ ಹೋಗಿ ನೋಡೋಣ, ನಿಯಮ ಅಲ್ಲಿ ನಿಲ್ಲದಿದ್ದರೆ ಮತ್ತೆ ಮೊದಲಿನಿಂದ ಚರ್ಚೆ. ಹಾಗೆ ನಾವೆಲ್ಲ ಪಿಂಪ್ರಿಗೆ, ನಿಮ್ಮ ತಗಡಿನ ಮನೆಗೆ ಬಂದೆವು. ನೀವು ಯಾದಗಿರಿ ಕಡೆಯಿಂದ ಆಗಷ್ಟೇ ಬಂದಿದ್ದಿರಿ, ಮರಾಠಿ ಬರುತ್ತಿರಲಿಲ್ಲ. ನನ್ನ ಬಾಯಲ್ಲಿ ಕನ್ನಡ ಕೇಳಿ ನಿಮ್ಮ ಮುಖ ಅರಳಿತು. ಇಲ್ಲಿರುವವರು ಒಂದೇ ಕುಟುಂಬವೇ ಎಂದು ಕೇಳಿದೆ.

“ಇಲ್ರಿ ಅಕ್ಕಾರ. ನಮ್ಮ ಒಲಿ ಬ್ಯಾರೆ ಅದ. ಭಾವನೋರ್ದು ಆ ಕಡಿ, ನಮ್ದು ಈ ಕಡಿ. ಬಾಗಿಲಷ್ಟ ಒಂದ್ರಿ. ನಾವು ಬ್ಯಾರೆ ಆಗಿ ಭಾಳ ದಿನಾತು.”

ನಮ್ಮ ಕಡೆಯೂ ಅಣ್ಣತಮ್ಮಂದಿರು ಬೇರೆಯಾದರೆ ಮೊದಲು ಬೇರೆಯಾಗುವುದು ಒಲೆಯೇ. ಆ ಮಾತಿನ ತೂಕ ನನಗೆ ಗೊತ್ತಿತ್ತು. ಹಿಂದೆ ನಿಂತಿದ್ದ ಸಾಹೇಬರು ಕೇಳಿದರು, “ಕಾಯ್ ಮ್ಹಣತಾತ್ ತ್ಯಾ?” ಏನನ್ನುತ್ತಾರೆ ಅವರು?

ನಾನು ಎಷ್ಟು ಹೊತ್ತು ಯೋಚಿಸಿದೆ — ಇಲ್ಲ, ಯೋಚಿಸಲೇ ಇಲ್ಲ.

“ಏಕಚ್ ಕುಟುಂಬ ಆಹೇ, ಸರ್.” ಒಂದೇ ಕುಟುಂಬ, ಸರ್.

ಅವರು ತಲೆಯಾಡಿಸಿದರು. ನೀವೂ ನಕ್ಕು ತಲೆಯಾಡಿಸಿದಿರಿ, ನಿಮ್ಮ ಮಾತೇ ಅವರಿಗೆ ತಲುಪಿತೆಂದು ನಂಬಿ. ಆಮೇಲೆ ನಿಮ್ಮ ಆ ಬೇರೆ ಒಲೆಯ ಮೇಲೆಯೇ ಚಹಾ ಕಾಯಿಸಿ ಕೊಟ್ಟಿರಿ. ನಾನು ಕುಡಿದೆ, ಚೆನ್ನಾಗಿದೆ ಎಂದೂ ಹೇಳಿದೆ.

ನೀವು, ನಿಮ್ಮ ಯಜಮಾನರು, ಮಗಳು ಭಾಗ್ಯ — ಮೂವರೂ ಭಾವನವರ ಸಂಖ್ಯೆಯೊಳಗೆ ಸೇರಿಹೋದಿರಿ. ಮುಂದೆ ಅವರು ಬೇರೆ ಕೆಲಸ ಹಿಡಿದು ಚಾಕಣಕ್ಕೆ ಹೋದಾಗ, ಕಡತದಲ್ಲಿ ನೀವೂ ಹೋದಿರಿ. ಮೊದಲಾಗಿದ್ದರೆ ಒಂದು ಕಚೇರಿಯ ತಪ್ಪು ಆ ಕಚೇರಿಯಲ್ಲೇ ಉಳಿಯುತ್ತಿತ್ತು. ನಾನು ಕಟ್ಟಿದ ವ್ಯವಸ್ಥೆ ಚೊಕ್ಕವಾಗಿ ಕೆಲಸ ಮಾಡಿತು — ನನ್ನ ಸುಳ್ಳನ್ನು ಎಲ್ಲ ಕಚೇರಿಗೂ ಮುಟ್ಟಿಸಿತು. ಶಾಲೆಯವರು ನೀವು ಇಲ್ಲಿಯವರಲ್ಲ ಎಂದರು. ಭಾಗ್ಯ ಒಂದು ವರ್ಷ ಮನೆಯಲ್ಲೇ ಕೂತಳು.

ಇದೆಲ್ಲ ನನಗೆ ತಿಳಿದದ್ದು ಮೊನ್ನೆ, ಪಿಂಪ್ರಿಯ ತರಕಾರಿ ಮಾರುಕಟ್ಟೆಯಲ್ಲಿ ನೀವೇ ಕೂಗಿ ನಿಲ್ಲಿಸಿದಾಗ. ಈಗ ಅಂಗಡಿಯವನ ಜೊತೆ ಮರಾಠಿಯಲ್ಲಿ ಜಬರ್ದಸ್ತಾಗಿ ಚೌಕಾಸಿ ಮಾಡುತ್ತೀರಿ. ಭಾಗ್ಯಳ ಸುದ್ದಿ ಹೇಳಿ, ನನ್ನ ಕೈ ಹಿಡಿದು ಅಂದಿರಿ: “ನೀವರ ನಮ್ಮ ಪರವಾಗಿ ಹೇಳಿದ್ರಿ ಅಕ್ಕಾರ. ಅವ್ರ ಕೇಳಲಿಲ್ಲ. ಏನ್ ಮಾಡ್ತೀರಿ.”

ಬೈದಿದ್ದರೆ — ಆ ಕೈಯನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. ಹೌದೆಂಬಂತೆ ನಿಂತೆ. ಅದು ಎರಡನೆಯ ಸುಳ್ಳು. ನಾಚಿಕೆಯಿಂದ ಸುಟ್ಟುಹೋದೆ, ಶರಣಮ್ಮ.

ಆ ನಿಯಮದ ಮರುಪರಿಶೀಲನೆ ಮುಂದಿನ ವಾರ, ಅದೇ ಮೇಜಿನ ಸುತ್ತ. ಆ ಜನರನ್ನು ಒಪ್ಪಿಸುವುದು ನನಗೆ ಗೊತ್ತು, ಅದರ ಹೆಮ್ಮೆ ನನಗೆ ಸುಮ್ಮನೆ ಬಂದದ್ದಲ್ಲ. ಈ ಸಲ ಒಲೆಯ ಲೆಕ್ಕಕ್ಕೆ ಒಪ್ಪಿಸುತ್ತೇನೆ. ನಿಮ್ಮ ಮಾತನ್ನು ನೀವು ಆಡಿದಂತೆಯೇ ಮರಾಠಿಯಲ್ಲಿ ಹೇಳುತ್ತೇನೆ, ಅಂದು ನಾನು ಹೇಳಿದ್ದನ್ನೂ ಹೇಳುತ್ತೇನೆ. ಆಮೇಲೆ ಅವರು ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ — ಇರಲಿ. ಭಾಗ್ಯಳ ಆ ವರ್ಷ ಮಾತ್ರ ಯಾವ ನಿಯಮ ತಿದ್ದಿದರೂ ವಾಪಸು ಬರುವುದಿಲ್ಲ.

ಅದಕ್ಕೂ ಮೊದಲು, ಈ ಭಾನುವಾರ, ಇದನ್ನೆಲ್ಲ ನಿಮ್ಮೆದುರೇ ಹೇಳಲು ನಿಮ್ಮ ಮನೆಗೆ ಬರುತ್ತೇನೆ. ನನ್ನನ್ನು ನೋಡಿದ ಕೂಡಲೇ ನೀವು ಒಲೆ ಹಚ್ಚುತ್ತೀರಿ, ಗೊತ್ತು. ಬೇಡ. ಮೊದಲು ನನ್ನ ಮಾತು ಕೇಳಿ, ಚಹಾ ಕೊಡುವುದೋ ಬಿಡುವುದೋ ಆಮೇಲೆ ನೋಡಿ.