ಸಂದಿಲ್ಲದ ಗೋಡೆ

ಹೊಸ ಸಿಮೆಂಟಿಗೆ ನೀರು ಹೊಡೆದಾಗ ಏಳುವ ವಾಸನೆ ಕೆಲವರಿಗೆ ಹಿತವಂತೆ. ನನಗೆ ಮಾತ್ರ ಅದು ಸೇರದು; ಕಲ್ಲೂರಿನ ನಮ್ಮ ಮನೆ ಕಣ್ಣಿಗೆ ಕಟ್ಟುತ್ತದೆ. ಅಪ್ಪನ ಅವ್ವ, ನಮ್ಮ ಆಯಿ, ಕೂಲಿ ಮುಗಿಸಿ ಬಂದು ಮಣ್ಣು ತುಳಿದು ಏರಿಸಿದ ಮನೆ ಅದು. ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಸುತ್ತಲೂ ಎದೆಮಟ್ಟದ ಇನ್ನೊಂದು ಗೋಡೆ. ಮಣ್ಣಿಲ್ಲ, ಗಾರೆಯಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಊರಿನ ದೊಡ್ಡ ಮನೆಯವರಿಗೆ ಒಲೆ ಹೂಡಲು, ಬಂಡಿ ಗಾಲಿಗೆ ಅಡ್ಡ ಕೊಡಲು ಕಲ್ಲು ಬೇಕಾದರೆ ನಮ್ಮ ಗೋಡೆಗೇ ಕೈ ಹಾಕುತ್ತಿದ್ದರು. ಕೇಳುವ ಮಾತೇ ಇಲ್ಲ. ನಾವು ಕೂಲಿಯವರು, ಅದೂ ಕೇರಿಯವರು; ನಮ್ಮ ಕಲ್ಲೆಂದರೆ ಊರ ಕಲ್ಲು. ಅಪ್ಪ ಹಲ್ಲು ಕಚ್ಚಿಕೊಂಡು ಬೇರೆ ಕಲ್ಲು ಹುಡುಕಿ ತಂದು ಆ ಜಾಗ ತುಂಬುತ್ತಿದ್ದ.

ಎಪ್ಪತ್ತರ ದಶಕದ ಕೊನೆಗೆ ಮಾನ್ವಿಯ ಕಚೇರಿಯೊಂದರಲ್ಲಿ ಅಪ್ಪನಿಗೆ ಜವಾನನ ಕೆಲಸ ಸಿಕ್ಕಿತು. ಅವನು ಮೊದಲು ಮಾಡಿಸಿದ್ದೇ ಸುತ್ತಲಿನ ಆ ಗೋಡೆಯನ್ನು. ಹಳೇ ಕಲ್ಲನ್ನೇ ಇಟ್ಟು, ಸಂದಿಗೆಲ್ಲ ಸಿಮೆಂಟು ತುಂಬಿಸಿದ; ಗೇಟಿಗೂ ಎತ್ತರದ ಹೊಸ್ತಿಲು ಕೂರಿಸಿದ. ಅಷ್ಟರಲ್ಲಿ ಕಾಲುವೆ ಬಂದು ಮನೆ ಹಿಂದಿನ ಎತ್ತರದ ಹೊಲವೆಲ್ಲ ಭತ್ತದ ಗದ್ದೆಯಾಗಿತ್ತು. ಅಲ್ಲಿಂದ ಜಿನುಗಿ ಅಂಗಳಕ್ಕೆ ಬರುತ್ತಿದ್ದ ನೀರು ಅಲ್ಲಿಯವರೆಗೆ ಕಲ್ಲಿನ ಸಂದಿಗಳಿಂದಲೇ ಹೊರಗೆ ಹರಿದುಹೋಗುತ್ತಿತ್ತು.

“ಒಂದು ತೂತರ ಬಿಡ್ಸು ಯಪ್ಪಾ, ನೀರು ಎಲ್ಲಿ ಹೋಗಬೇಕು?” ಎಂದಳು ಆಯಿ.

“ತೂತು ಬಿಟ್ರ ಕೈ ಹಾಕ್ತಾರ ಬೇ,” ಎಂದ ಅಪ್ಪ.

ಅಪ್ಪನ ಬಾಯಿಂದ ಆ ಮಾತು ಹೊರಡಿಸಿದವರು ಯಾರೆಂಬುದನ್ನು ನಾನು ಇನ್ನೂ ಮರೆತಿಲ್ಲ.

ನೀರು ಒಳಗೇ ನಿಂತಿತು. ಮನೆಯ ಗೋಡೆಗೆ ಬುಡದಿಂದ ಹಸಿ ಏರಿ, ಆಯಿ ಮೆತ್ತಿದಷ್ಟೂ ಮಣ್ಣು ಉದುರಿತು. ಎರಡನೇ ಮಳೆಗಾಲದ ಒಂದು ಮಧ್ಯಾಹ್ನ, ನಾವೆಲ್ಲ ಅಂಗಳದಲ್ಲಿದ್ದಾಗ, ಮನೆಯ ಹಿಂದಿನ ಗೋಡೆ ಕುಸಿದು ಕೂತಿತು. ಅಪ್ಪ ಹಾರೆ ತಂದು ಸಿಮೆಂಟಿನ ಗೋಡೆಯ ಬುಡಕ್ಕೆ ಇಟ್ಟ. ಆಚೆ ಹಾದಿಯಲ್ಲಿ ದೊಡ್ಡ ಮನೆಯವರು ನಿಂತಿದ್ದರು. ಆಯಿಯೇ ಹೋಗಿ ಅವನ ಕೈ ಹಿಡಿದಳು. “ಒಡಿಬ್ಯಾಡ. ಅವರು ನೋಡಾಕತ್ತಾರ.”

ನಾವು ಮಾನ್ವಿಯ ಬಾಡಿಗೆ ಮನೆಗೆ ಬಂದೆವು. ಇಟ್ಟಿಗೆಯ ಗೋಡೆಗೆ ಒರಗಿದಾಗಲೆಲ್ಲ ಆಯಿ “ಸುಡ್ತದ” ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಅಲ್ಲೇ ತೀರಿಕೊಂಡಳು.

ಮೊನ್ನೆ ಕಲ್ಲೂರಿಗೆ ಹೋಗಿದ್ದೆ. ಆಯಿಯ ಮನೆ ಮಣ್ಣಿಗೆ ಮಣ್ಣಾಗಿ, ಅದರ ಮೇಲೆ ಜಾಲಿ ಬೆಳೆದಿದೆ. ಸುತ್ತಲಿನ ಗೋಡೆ ಹಾಗೇ ನಿಂತಿದೆ, ಒಂದು ಕಲ್ಲೂ ಕಡಿಮೆಯಾಗಿಲ್ಲ.